ಮೂರನೇ ಕುರ್ಚಿಯಲ್ಲಿ ಯಾರು ಕೂತಿದ್ದಾರೆ?

ಅತ್ತೆ: ನನ್ನ ವೈರ್ ಕಡೆ ಬೆರಳು ತೋರಿಸ್ಬೇಡಿ ಅಂತ ಬೆಳಿಗ್ಗೆಯಿಂದ ಮೂರು ಸಲ ಹೇಳಿದೀನಿ.

ಅಳಿಯ: ನಾನು ವೈರ್ ತೋರಿಸ್ಲಿಲ್ಲ ಅತ್ತೆ. ವೈರ್ ಇರೋ ದಿಕ್ಕು ತೋರಿಸ್ದೆ.

ಅತ್ತೆ: ಆ ದಿಕ್ಕಲ್ಲಿ ವೈರ್ ಬಿಟ್ರೆ ಇರೋದು ಗೋಡೆ. ಹಾಗಾದ್ರೆ ಗೋಡೇದು ತಪ್ಪಾ?

ಅಳಿಯ: ತಪ್ಪು ಅಂತ ಯಾರು ಅಂದ್ರು? ಖಾಲಿ ಕುರ್ಚಿ ಬಾಗ್ತಿದೆ ಅಂದೆ, ಅಷ್ಟೇ.

ಅತ್ತೆ: ಬಾಗ್ತಿರೋದು ನಿಮ್ಮ ಪರದೇಲಿ. ಕುರ್ಚಿ ನೆಟ್ಟಗೆ ನಿಂತಿದೆ. ಬೇಕಾದ್ರೆ ಒಂದ್ಸಲ ತಿರುಗಿ ಕಣ್ಣಾರೆ ನೋಡಿ. ಕತ್ತು ತಿರುಗತ್ತೆ ತಾನೇ?

ನೂರಹತ್ತು: ನಾನು ಏಳ್ಬಹುದಾ?

ಅತ್ತೆ: ಕೂತಿರು.

ಅಳಿಯ: ಕೂತಿರಿ.

ಬೆಳಿಗ್ಗೆಯಿಂದ ಆ ಇಬ್ಬರೂ ಒಪ್ಪಿಕೊಂಡ ಮೊದಲ ವಿಷಯ ಅದು.

ಅದು ಕುರ್ಚಿ ಮಾಡುವ ಕಾರ್ಖಾನೆಯೊಂದರ ಪರೀಕ್ಷಾ ಕೋಣೆ. ಪಕ್ಕದಲ್ಲೇ ಗರಗಸದ ಶೆಡ್ಡು ಇದ್ದುದರಿಂದ ಅಲ್ಲಿ ಮಾತನಾಡುವವರಿಗೆಲ್ಲ ಕೂಗಿ ಮಾತನಾಡುವ ಅಭ್ಯಾಸ. ಕಿಟಕಿಯ ಕೆಳಗೆ ನಾಲ್ಕು ಹೊಸ ನಮೂನೆಯ ಕುರ್ಚಿಗಳು ಸಾಲಾಗಿ ನಿಂತಿದ್ದವು. ಪ್ರತಿ ಕುರ್ಚಿಯ ಕಾಲಿಗೂ ಉಗುರಿನಷ್ಟು ದೊಡ್ಡ ಸೆನ್ಸರ್ ಅಂಟಿಸಿತ್ತು. ಯಾರಾದರೂ ಕೂತಾಗ ಕಾಲು ಎಷ್ಟು ಬಾಗುತ್ತದೆ ಎಂದು ಹೇಳುವುದು ಅದರ ಕೆಲಸ. ಅಲ್ಲಿಂದ ಒಂದೊಂದು ಕೇಬಲ್ ಮೇಜಿನ ಮೇಲಿನ ಬೂದು ಬಣ್ಣದ ಡಬ್ಬಿಗೆ ಹೋಗುತ್ತಿತ್ತು. ಡಬ್ಬಿಗೆ ನಾಲ್ಕು ಚಾನೆಲ್, ಅಂದರೆ ಕೇಬಲ್ ಚುಚ್ಚಲು ನಾಲ್ಕು ತೂತು. ಡಬ್ಬಿ ಹೇಳಿದ್ದನ್ನು ಕಂಪ್ಯೂಟರು ನಾಲ್ಕು ಬಣ್ಣದ ಗೆರೆಗಳಾಗಿ ಪರದೆಯ ಮೇಲೆ ಬರೆಯುತ್ತಿತ್ತು. ಗೆರೆ ಹದಿನೈದು ಚೌಕ ದಾಟಿದರೆ ಕುರ್ಚಿ ನಪಾಸು.

ಸೆನ್ಸರು, ಕೇಬಲ್ಲು, ಬೆಸುಗೆ ಎಲ್ಲ ಅತ್ತೆಯ ಪಾಲು. ಡಬ್ಬಿ, ಕಂಪ್ಯೂಟರು, ವರದಿ ಅಳಿಯನ ಪಾಲು. ಮೂವತ್ತೊಂದು ವರ್ಷದಿಂದ ಅಲ್ಲಿ ಬೆಸುಗೆ ಹಾಕುತ್ತಿದ್ದ ಅತ್ತೆಗೆ ತಿಂಗಳ ಕೊನೆಗೆ ನಿವೃತ್ತಿ. ಆರು ವರ್ಷದ ಹಿಂದೆ ಈ ಹುಡುಗ ಕೆಲಸಕ್ಕೆ ಸೇರಿದಾಗ, ಎಷ್ಟು ಬೈದರೂ ಸುಮ್ಮನೆ ಇರುತ್ತಾನೆ, ಒಳ್ಳೆಯ ಸ್ವಭಾವ ಎಂದು ಮೆಚ್ಚಿ ಮಗಳನ್ನು ಕೊಟ್ಟವರೂ ಅವರೇ. ಅವನು ಸುಮ್ಮನೆ ಇರುತ್ತಿದ್ದುದು ಕಿವಿಯಲ್ಲಿ ಹಾಡು ಹಾಕಿಕೊಂಡದ್ದರಿಂದ ಎಂದು ತಿಳಿಯುವ ಹೊತ್ತಿಗೆ ಮದುವೆಯ ಫೋಟೋಗಳು ಗೋಡೆ ಹತ್ತಿದ್ದವು.

ಅತ್ತೆ ಅಳಿಯನನ್ನು ಬಹುವಚನದಲ್ಲೇ ಬೈಯಬೇಕು. ಅಳಿಯ ಅತ್ತೆಗೆ ಎದುರು ಮಾತನಾಡುವಂತಿಲ್ಲ. ಹಾಗಾಗಿ ಇಬ್ಬರೂ ತಮಗೊಂದು ದಾರಿ ಮಾಡಿಕೊಂಡಿದ್ದರು. ಸಿಟ್ಟು ಬಂದಾಗ ಅವನು ಅವರನ್ನು ಮೇಡಂ ಎನ್ನುತ್ತಿದ್ದ. ಅವರು ಅವನನ್ನು ಸರ್ ಎನ್ನುತ್ತಿದ್ದರು. ಆ ಕೋಣೆಯಿಂದ 'ಸರ್' ಎಂಬ ಮಾತು ಕೇಳಿಸಿದರೆ ಗರಗಸದ ಶೆಡ್ಡಿನವರು ಕೆಲಸ ನಿಲ್ಲಿಸಿ ಬಾಗಿಲ ಹತ್ತಿರ ಬರುತ್ತಿದ್ದರು.

ಎರಡನೇ ಕುರ್ಚಿಯಲ್ಲಿ ಕೂತಿದ್ದವರು ಉಗ್ರಾಣ ನೋಡಿಕೊಳ್ಳುವವರು. ಅವರ ತೂಕ ನೂರ ಹತ್ತು ಕಿಲೋ, ಹೆಸರೂ ಅದೇ ಆಗಿಹೋಗಿತ್ತು. ಮರಳಿನ ಮೂಟೆ ಹೊರಲು ಇಬ್ಬರು ಆಳು ಬೇಕು, ಇವರಾದರೆ ತಾವೇ ನಡೆದು ಬರುತ್ತಾರೆ ಎಂಬ ಕಾರಣಕ್ಕೆ ಪರೀಕ್ಷೆಯ ದಿನ ಇವರನ್ನು ಉಗ್ರಾಣದಿಂದ ಎರವಲು ತರುತ್ತಿದ್ದರು.

ಅವತ್ತಿನ ತೊಂದರೆ ಇಷ್ಟು. ನೂರಹತ್ತು ಎರಡನೇ ಕುರ್ಚಿಯಲ್ಲಿ ಕೂತರೆ ಎರಡನೇ ಗೆರೆ ಹತ್ತು ಚೌಕ ಏರುತ್ತಿತ್ತು, ಅದು ಸರಿ. ಆದರೆ ಅದರ ಜೊತೆಗೆ, ಯಾರೂ ಕೂರದ ಮೂರನೇ ಕುರ್ಚಿಯ ಗೆರೆಯೂ ನಾಲ್ಕು ಚೌಕ ಏರುತ್ತಿತ್ತು. ಅವರು ಎದ್ದರೆ ಅದೂ ಇಳಿಯುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯೊಂದರ ಪರವಾಗಿ ಪರಿಶೀಲನೆಗೆ ಬರುವವರಿದ್ದರು. ಹೊರರೋಗಿಗಳು ಕಾಯುವ ಹಾಲ್‌ಗೆ ಆರುನೂರು ಕುರ್ಚಿ ಬೇಕಾಗಿತ್ತು. ಮೂರನೇ ನಮೂನೆಯನ್ನು ಸ್ವತಃ ಮ್ಯಾನೇಜರ್ರೇ ಚಿತ್ರ ಬರೆದು ಮಾಡಿಸಿದ್ದರು. ಹೋದ ತಿಂಗಳ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಬಾಗಿದ್ದೂ ಅದೇ. ಆ ವರದಿಗೆ ಚೌಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ನೇತು ಹಾಕಿಕೊಂಡಿದ್ದರು.

ಅಳಿಯ: ಎರಡು ಕೇಬಲ್ ಮೈಗೆ ಮೈ ತಾಗಿಸಿ ಮಲಗಿದ್ರೆ ಒಂದರ ಮಾತು ಇನ್ನೊಂದಕ್ಕೆ ಕೇಳ್ಸತ್ತೆ ಅತ್ತೆ. ಪುಸ್ತಕದಲ್ಲೇ ಇದೆ.

ಅತ್ತೆ: ನನ್ನ ಕೇಬಲ್‌ಗೆ ತಾಮ್ರದ ಜಾಲರಿ ಹೊದಿಸಿದೀನಿ. ಅವು ಪಿಸುಗುಟ್ಟೋ ಜಾತಿಯಲ್ಲ.

ಅಳಿಯ: ಒಂದ್ಸಲ ದೂರ ಮಾಡಿ ನೋಡೋಣ. ನೋಡಿದ್ರೆ ಏನು ಹೋಗತ್ತೆ?

ನೋಡಿದರು. ಮೂರನೇ ಕೇಬಲ್ಲನ್ನು ನೆಲದಿಂದ ಎತ್ತಿ, ಕಿಟಕಿಯ ಸರಳಿಗೆ ಸುತ್ತಿ, ಬೀರುವಿನ ಮೇಲಿಂದ ತಂದು ಡಬ್ಬಿಗೆ ಚುಚ್ಚಿದರು. ಕೋಣೆ ಬಟ್ಟೆ ಒಣಗಿಸುವ ಹಿತ್ತಿಲಿನಂತೆ ಕಂಡಿತು. ಗೆರೆ ಮಾತ್ರ ನಾಲ್ಕು ಚೌಕದಲ್ಲೇ ಇತ್ತು. ಆಮೇಲೆ ಅಳಿಯ ಫ್ಯಾನ್ ಆರಿಸಿದ. ಟ್ಯೂಬ್‌ಲೈಟ್ ಆರಿಸಿದ. ನೂರಹತ್ತು ಅವರ ಜೇಬಿನ ಮೊಬೈಲನ್ನು ತೆಗೆಸಿ ಹೊರಗೆ ಇಡಿಸಿದ. ಗರಗಸದ ಶೆಡ್ಡಿಗೆ ಹೋಗಿ ಐದು ನಿಮಿಷ ಯಂತ್ರ ನಿಲ್ಲಿಸಲು ಕೇಳಿದ. ಅವರು ಸಂತೋಷದಿಂದ ನಿಲ್ಲಿಸಿದರು, ಮತ್ತೆ ಹಾಕಲು ಅರ್ಧ ಗಂಟೆ ತೆಗೆದುಕೊಂಡರು. ಗೆರೆ ಕದಲಲಿಲ್ಲ.

ಅತ್ತೆ: ಊರಿನ ಕರೆಂಟೆಲ್ಲ ತೆಗೆಸ್ತೀರಾ, ಇಲ್ಲ ಡಬ್ಬಿ ಬಿಚ್ತೀರಾ?

ಅಳಿಯ: ಡಬ್ಬಿ ಸರಿ ಇದೆ ಮೇಡಂ.

ಅತ್ತೆ: ನಿಮ್ಮ ಡಬ್ಬಿ ತಾನೇ, ಸರಿ ಇಲ್ದೆ ಏನು ಸರ್.

ಬಾಗಿಲಲ್ಲಿ ಇಬ್ಬರು ಗರಗಸದವರು ಕಾಣಿಸಿಕೊಂಡರು. ನೂರಹತ್ತು ಕೂತಲ್ಲಿಂದಲೇ ಅವರಿಗೆ ಹೋಗುವಂತೆ ಕೈಸನ್ನೆ ಮಾಡಿದರು.

ಅತ್ತೆ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಮಗಳಿಗೆ ಫೋನ್ ಮಾಡಿದರು. ಮಗಳು ಶಾಲೆಯಲ್ಲಿ ಮೇಷ್ಟ್ರಮ್ಮ. ನಿನ್ನ ಗಂಡನಿಗೆ ಪರದೆಯೊಂದೇ ಪ್ರಪಂಚ, ಎದುರಿಗಿರುವ ಕುರ್ಚಿಯನ್ನು ಇವತ್ತಿನವರೆಗೆ ಮುಟ್ಟಿ ನೋಡಿಲ್ಲ ಎಂದು ಹೇಳಿಕೊಂಡು ಒಳಗೆ ಬಂದರು. ಅವರು ಬಂದ ಮೇಲೆ ಅಳಿಯನೂ ನೀರು ಕುಡಿಯಲು ಹೋದ. ಅವನು ಹೆಂಡತಿಗೆ ಹೇಳಿದ್ದು, ನಿಮ್ಮಮ್ಮನ ಪ್ರಕಾರ ಜಗತ್ತಿನಲ್ಲಿ ತಪ್ಪು ಮಾಡದ ವಸ್ತು ಬೆಸುಗೆ ಒಂದೇ ಎಂದು. ಮರಳಿ ಬಂದವನೇ ಮೂರನೇ ಕುರ್ಚಿಯ ಹತ್ತಿರ ಹೋಗಿ, ಅದರ ಬೆನ್ನನ್ನು ಎರಡು ಸಲ ಮುಟ್ಟಿ ಬಂದ. ಅತ್ತೆ ಫೋನಿಗೆ ಬಂದ ಮಗಳ ಸಂದೇಶ ಓದಿ, ಹಲ್ಲು ಕಚ್ಚಿಕೊಂಡು, ಬೆಸುಗೆಯೂ ಮನುಷ್ಯರೇ ಹಾಕುವುದು ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಒಬ್ಬರ ಬಗ್ಗೆ ಒಬ್ಬರು ಫೋನಿನಲ್ಲಿ ಹೇಳಿದ್ದೆಲ್ಲ ಐದು ನಿಮಿಷದಲ್ಲಿ ಆ ಕಡೆ ತಲುಪಿದೆ ಎಂದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಅಷ್ಟರಲ್ಲಿ ಇಬ್ಬರ ಫೋನಿಗೂ ಒಂದೇ ಸಂದೇಶ ಬಂತು: 'ಯಾರ ತಪ್ಪು ಅಂತ ಗೊತ್ತಾದ ಮೇಲೆ ತಪ್ಪು ಮಾಡಿದವರು ಮಾತ್ರ ಫೋನ್ ಮಾಡಿ. ಈಗ ನನಗೆ ಪಾಠ ಇದೆ.'

ಗಂಟೆ ಒಂದಾಯಿತು. ಅತ್ತೆ ಬೇರೊಂದು ಉಪಾಯ ಹೇಳಿದರು. ಎರಡನೇ ಮತ್ತು ಮೂರನೇ ಕುರ್ಚಿಯ ಕೇಬಲ್ಲುಗಳನ್ನು ಡಬ್ಬಿಯಲ್ಲಿ ಅದಲು ಬದಲು ಮಾಡುವುದು. ದೋಷ ಡಬ್ಬಿಯಲ್ಲಿದ್ದರೆ ಅದು ಅಲ್ಲೇ ಉಳಿಯುತ್ತದೆ, ಕೇಬಲ್ಲಿನಲ್ಲಿದ್ದರೆ ಕೇಬಲ್ಲಿನ ಜೊತೆ ಹೋಗುತ್ತದೆ. ಅಳಿಯ ಒಪ್ಪಿ ಬದಲಿಸಿದ. ನೂರಹತ್ತು ಎದ್ದು ಮತ್ತೆ ಎರಡನೇ ಕುರ್ಚಿಯಲ್ಲಿ ಕೂತರು. ಅವರ ಹತ್ತು ಚೌಕ ಈಗ ಮೂರನೇ ಗೆರೆಯಲ್ಲಿ ಬಂತು. ಉಳಿದ ಮೂರು ಗೆರೆಗಳು ಮಲಗಿದ್ದವು. ದೋಷ ಅಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ. ಮಾಯವಾಗಿತ್ತು.

ಅಳಿಯ: ನಾನು ಹೇಳ್ಲಿಲ್ವಾ? ಪ್ಲಗ್ ಸಡಿಲ ಇತ್ತು. ಕಿತ್ತು ಹಾಕಿದ ತಕ್ಷಣ ಸರಿ ಹೋಯ್ತು.

ಅತ್ತೆ: ಪ್ಲಗ್ ಅಂತ ನೀವು ಯಾವಾಗ ಹೇಳಿದ್ರಿ?

ಅಳಿಯ: ಮನಸ್ಸಲ್ಲಿ.

ಅತ್ತೆ: ನಿಮ್ಮ ಮನಸ್ಸಿಗೂ ಒಂದು ಕೇಬಲ್ ಹಾಕ್ಬೇಕಿತ್ತು ನಾನು.

ನೂರಹತ್ತು: ಸರಿ ಹೋಯ್ತಲ್ಲ ಅಕ್ಕ, ನಾನು ಎದ್ದು ಚಹಾ ಕುಡೀತೀನಿ.

ಯಾರೂ ಬೇಡವೆನ್ನಲಿಲ್ಲ. ಅವರು ಚಹಾದ ಲೋಟ ಹಿಡಿದು ಒಂದನೇ ಕುರ್ಚಿಗೆ ಹೋದರು. ನಾಲ್ಕರಲ್ಲಿ ಅದರದ್ದೇ ಮೆತ್ತೆ ದಪ್ಪ. ಉಸ್ಸಪ್ಪ ಎಂದು ಕೂತರು. ಪರದೆಯಲ್ಲಿ ಒಂದನೇ ಗೆರೆ ಹನ್ನೊಂದು ಚೌಕ ಏರಿತು. ಅದರ ಬೆನ್ನಿಗೇ ಎರಡನೇ ಗೆರೆ ನಾಲ್ಕು ಚೌಕ ಎದ್ದು ನಿಂತಿತು.

ಅಳಿಯ: ಎದ್ದೇಳಿ.

ನೂರಹತ್ತು: ಒಂದು ಗುಟುಕೂ ಕುಡಿದಿಲ್ಲ ಮಾರಾಯ್ರೆ.

ಅಳಿಯ: ಎದ್ದೇಳಿ. ಮತ್ತೆ ಕೂತ್ಕೊಳ್ಳಿ. ಮತ್ತೆ ಎದ್ದೇಳಿ.

ಅವರು ಲೋಟ ತುಳುಕದಂತೆ ನಾಲ್ಕು ಸಲ ಎದ್ದು ಕೂತರು. ನಾಲ್ಕು ಸಲವೂ ಎರಡನೇ ಗೆರೆ ಅವರ ಜೊತೆ ಎದ್ದು ಕೂತಿತು. ಎರಡನೇ ತೂತಿನಲ್ಲಿ ಈಗ ಇದ್ದದ್ದು ಮೂರನೇ ಕುರ್ಚಿಯ ಕೇಬಲ್. ಅದು ಕಿಟಕಿ ಸುತ್ತಿ ಬೀರು ಹತ್ತಿ ಬಂದದ್ದರಿಂದ ಬೇರೆ ಯಾವ ಕೇಬಲ್ಲನ್ನೂ ತಾಗುತ್ತಿರಲಿಲ್ಲ.

ಅತ್ತೆ ಆ ಕೇಬಲ್ಲನ್ನು ತುದಿಯಿಂದ ತುದಿಯವರೆಗೆ ನೋಡಿದರು. ಆಮೇಲೆ ನೂರಹತ್ತು ಅವರ ಕೈಯಿಂದ ಲೋಟ ತೆಗೆದುಕೊಂಡು ಮೇಜಿನ ಮೇಲಿಟ್ಟರು.

ಅತ್ತೆ: ಬೆಳಿಗ್ಗೆಯಿಂದ ನೀನು ಮೂರನೇ ಕುರ್ಚೀಲಿ ಕೂತೇ ಇಲ್ಲ ಅಲ್ವೇನೋ?

ನೂರಹತ್ತು: ಕೂರು ಅಂತ ಯಾರೂ ಹೇಳ್ಲಿಲ್ಲ.

ಅತ್ತೆ: ಈಗ ಹೇಳ್ತಿದೀನಿ.

ನೂರಹತ್ತು: ಅಕ್ಕ, ಅದರ ಕಾಲು ನೋಡಿ. ಕೊಕ್ಕರೆ ಕಾಲು. ನನ್ನ ಮನೇಲಿ ಛತ್ರಿ ಕಡ್ಡಿ ಇದಕ್ಕಿಂತ ದಪ್ಪ ಇದೆ.

ಅಳಿಯ: ಎಲ್ಲಕ್ಕಿಂತ ಗಟ್ಟಿ ಕುರ್ಚಿ ಅದೇ. ವರದಿ ಬರೆದಿರೋನು ನಾನು.

ನೂರಹತ್ತು: ಹಾಗಾದ್ರೆ ನೀವೇ ಕೂತ್ಕೊಳ್ಳಿ, ನಾನು ವರದಿ ಬರೀತೀನಿ.

ಬಹಳ ಹೊತ್ತು ಚೌಕಾಸಿ ನಡೆಯಿತು. ಕೊನೆಗೆ ಪೂರ್ತಿ ಭಾರ ಬಿಡುವುದಿಲ್ಲ, ಕೈ ಕಿಟಕಿಯ ಸರಳಿನ ಮೇಲಿರುತ್ತದೆ ಎಂಬ ಕರಾರಿನ ಮೇಲೆ ನೂರಹತ್ತು ಮೂರನೇ ಕುರ್ಚಿಯಲ್ಲಿ ಮುಕ್ಕಾಲು ಪಾಲು ಕೂತರು. ಕುರ್ಚಿ ಕಿರ್ರೆಂದಿತು. ಮೂವರೂ ಪರದೆ ನೋಡಿದರು. ನಾಲ್ಕೂ ಗೆರೆಗಳು ತಣ್ಣಗೆ ಮಲಗಿದ್ದವು.

ನೂರಹತ್ತು: ಏನಂತೆ?

ಅಳಿಯ: ಯಾರೂ ಕೂತಿಲ್ವಂತೆ.

ನೂರಹತ್ತು: ನಾನು?

ಅಳಿಯ: ನೀವು ಇಲ್ಲ. ಸೊನ್ನೆ.

ನೂರಹತ್ತು: ಇದೊಂದು ಹಾಳೆ ಪ್ರಿಂಟ್ ತೆಗೆದು ಕೊಡಿ. ನಮ್ಮ ಡಾಕ್ಟರಿಗೆ ತೋರಿಸ್ಬೇಕು.

ಅಳಿಯನಿಗೆ ಈಗ ನಗು ಬರಲಿಲ್ಲ. ಯಾರೂ ಕೂರದಿದ್ದಾಗ ಬಾಗುವ ಕುರ್ಚಿ, ಕೂತಾಗ ಬಾಗುವುದಿಲ್ಲ. ಅವನು ಡಬ್ಬಿಯ ಮೇಲೆ ಕೈಯಿಟ್ಟು, ನೂರಹತ್ತು ಅವರಿಗೆ ಹೇಳುವಂತೆ ಅತ್ತೆಗೇ ಹೇಳತೊಡಗಿದ. ಡಬ್ಬಿಯೊಳಗೆ ಅಳೆಯುವ ಸಾಧನ ನಾಲ್ಕಿಲ್ಲ, ಒಂದೇ ಇದೆ. ಅದು ಸರದಿಯಂತೆ ಒಂದು, ಎರಡು, ಮೂರು, ನಾಲ್ಕು ಎಂದು ಬಹಳ ವೇಗವಾಗಿ ಸುತ್ತುತ್ತ ಅಳೆಯುತ್ತದೆ. ಒಂದು ಚಾನೆಲ್ಲಿನಲ್ಲಿ ವೈರೇ ಹರಿದಿದ್ದರೆ, ಹಿಂದಿನ ಚಾನೆಲ್ಲಿನಿಂದ ಉಳಿದ ವಿದ್ಯುತ್ತು ಹರಿದುಹೋಗಲು ದಾರಿ ಇರುವುದಿಲ್ಲ. ಅದರಲ್ಲಿ ಒಂದಿಷ್ಟನ್ನು ಈ ಚಾನೆಲ್ಲಿನದ್ದೇ ಎಂದು ಬರೆದುಕೊಳ್ಳುತ್ತದೆ.

ನೂರಹತ್ತು: ಒಂದಕ್ಷರ ಅರ್ಥ ಆಗ್ಲಿಲ್ಲ.

ಅತ್ತೆ: ಸೌಟು ಒಂದು, ಪಾತ್ರೆ ನಾಲ್ಕು. ಒಂದೊಂದರಲ್ಲೂ ಅದ್ದಿ ರುಚಿ ನೋಡ್ತಾ ಹೋಗ್ತಾರೆ. ಮೂರನೇ ಪಾತ್ರೆ ಖಾಲಿ. ಸೌಟಿಗೆ ಅಂಟಿರೋದು ಎರಡನೇದು. ಅದನ್ನೇ ನೆಕ್ಕಿ, ಮೂರನೇದು ಚೆನ್ನಾಗಿದೆ, ಖಾರ ಸ್ವಲ್ಪ ಕಡಿಮೆ ಅಂತ ಬರೆದಿದಾರೆ.

ನೂರಹತ್ತು: ಹಾಗೆ ಹೇಳಿ. ಯಾರು ಬರೆದದ್ದು?

ಅಳಿಯ: ನಾನು.

ಆದರೂ ಖಾತ್ರಿ ಆಗಬೇಕಿತ್ತು. ಅತ್ತೆ ಎರಡು ಇಂಚಿನ ತಾಮ್ರದ ತಂತಿ ಕತ್ತರಿಸಿ ಕೊಟ್ಟರು. ಅಳಿಯ ಮೂರನೇ ಕುರ್ಚಿಯ ಕೇಬಲ್ ತೆಗೆದು, ಆ ತೂತಿನ ಎರಡು ತುದಿಗಳನ್ನು ಆ ತಂತಿಯಿಂದ ಜೋಡಿಸಿದ. ನೂರಹತ್ತು ಮತ್ತೆ ಒಂದನೇ ಕುರ್ಚಿಯಲ್ಲಿ ಕೂತರು. ಈಗ ಎರಡನೇ ಗೆರೆ ಎದ್ದೇಳಲಿಲ್ಲ. ಉಳಿದದ್ದು ಹರಿದುಹೋಗಲು ದಾರಿ ಸಿಕ್ಕಿತ್ತು. ಡಬ್ಬಿ ಸರಿಯಿತ್ತು. ಹಾಗಾದರೆ ದೋಷ ಕೇಬಲ್ಲಿನದು. ಕೇಬಲ್ ಅತ್ತೆಯದು.

ಅಳಿಯ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಆರು ವರ್ಷದಿಂದ ಕಾಯುತ್ತಿದ್ದ ಗಳಿಗೆ ಅದು. ಆದರೆ ಅತ್ತೆ ಕನ್ನಡಕ ಒರೆಸಿಕೊಂಡು, ಕೇಬಲ್ಲನ್ನು ಬೀರುವಿನ ಮೇಲಿಂದ ಇಳಿಸಿ, ತೊಡೆಯ ಮೇಲೆ ಇಟ್ಟುಕೊಂಡು ಕೂತ ರೀತಿ ನೋಡಿ ಅವನು ಜೇಬಿನಲ್ಲಿ ಚಿಲ್ಲರೆ ಹುಡುಕಿದ. ಕಾಫಿ ತರುತ್ತೇನೆ ಎಂದು ಹೊರಗೆ ಹೋದ.

ಅತ್ತೆ ಸೆನ್ಸರಿನ ಹತ್ತಿರ ಕೇಬಲ್ಲಿಗೆ ಹೊದಿಸಿದ್ದ ಕಪ್ಪು ಪ್ಲಾಸ್ಟಿಕ್ ಕೊಳವೆಯನ್ನು ಬ್ಲೇಡಿನಿಂದ ಸೀಳಿದರು. ಒಳಗೆ ಅವರದೇ ಬೆಸುಗೆ. ಹೊಳೆಯಬೇಕಾದದ್ದು ಬೂದಿಯಂತೆ ಮಂಕಾಗಿತ್ತು. ಸಾಕಷ್ಟು ಕಾಯಿಸದೆ ಹಾಕಿದ ಬೆಸುಗೆ ಹಾಗೆ ಕಾಣುತ್ತದೆ. ಉಗುರಿನಿಂದ ಮುಟ್ಟಿದರೆ ತಂತಿ ಹಲ್ಲು ಬಿದ್ದಂತೆ ಕೈಗೆ ಬಂತು.

ನೂರಹತ್ತು ಒಂದನೇ ಕುರ್ಚಿಯಿಂದ ಎಲ್ಲವನ್ನೂ ನೋಡುತ್ತಿದ್ದರು. ಬೇಗ ಸರಿ ಮಾಡಿ ಮುಚ್ಚಿಬಿಡಿ, ಇಲಿ ಕಡಿದಿತ್ತು ಅಂತ ನಾನೇ ಹೇಳುತ್ತೇನೆ, ಉಗ್ರಾಣದವನು ಇಲಿ ಅಂದರೆ ಯಾರೂ ಅನುಮಾನ ಪಡುವುದಿಲ್ಲ ಎಂದು ಮೆತ್ತಗೆ ಹೇಳಿದರು. ಅತ್ತೆ ಬೇಡವೆಂದು ತಲೆಯಾಡಿಸಿದರು. ಅಳಿಯ ಬಂದಾಗ ಬಿಚ್ಚಿದ ಕೇಬಲ್ಲನ್ನು ಹಾಗೇ ಅವನ ಕೈಗೆ ಕೊಟ್ಟರು.

ಅತ್ತೆ: ಬೆಸುಗೆ ನಂದೇ. ಚಳಿಗಾಲದಲ್ಲಿ ಹಾಕಿದ್ದು. ಕೈ ನಡುಗ್ತಿತ್ತು, ಆಮೇಲೆ ಇನ್ನೊಂದ್ಸಲ ನೋಡೋಣ ಅಂದ್ಕೊಂಡೆ. ನೋಡ್ಲಿಲ್ಲ.

ಅಳಿಯ ಕಾಫಿ ಲೋಟಗಳನ್ನು ಮೇಜಿನ ಮೇಲಿಟ್ಟ. ಆ ಬೆಸುಗೆಯನ್ನು ಬಹಳ ಹೊತ್ತು ನೋಡಿದ.

ಅಳಿಯ: ಹೋದ ತಿಂಗಳು ಇವರು ರಜೆ ಇದ್ರು ಅಂತ ಮರಳಿನ ಮೂಟೆ ಇಡೋವಾಗ ನನಗೆ ಕಾಣಿಸಿತ್ತು ಅತ್ತೆ. ಎರಡನೇ ಕುರ್ಚಿ ಮೇಲೆ ಮೂಟೆ ಇಟ್ರು, ಮೂರನೇ ಗೆರೆ ಎದ್ದಿತ್ತು. ನೆಲ ಅಲುಗಾಡಿರ್ಬೇಕು ಅಂದ್ಕೊಂಡೆ. ಹೇಳಿದ್ರೆ ನೀವು ಬೈತೀರಿ, ಊಟಕ್ಕೆ ತಡ ಆಗತ್ತೆ. ಅದಕ್ಕೆ ಆ ಜಾಗ ಬಿಟ್ಟು, ನಾಲ್ಕು ಕುರ್ಚಿ ಮೇಲೂ ಮೂಟೆ ಕೂತ ಮೇಲಿನಿಂದ ವರದಿ ಬರೆದೆ.

ಅತ್ತೆ: ಊಟಕ್ಕೆ ತಡ ಆಗತ್ತೆ ಅಂತ.

ಅಳಿಯ: ಅವತ್ತು ಊಟದ ಡಬ್ಬಿ ಕಟ್ಟಿದ್ದು ನೀವೇ.

ಅತ್ತೆಯ ಬಾಯಿಂದ 'ಸರ್' ಬರಬಹುದೆಂದು ನೂರಹತ್ತು ಬಾಗಿಲ ಕಡೆ ನೋಡಿದರು. ಬರಲಿಲ್ಲ. ಅತ್ತೆ ಕಾಫಿ ಎತ್ತಿಕೊಂಡರು.

ಅತ್ತೆ: ಇಬ್ಬರದೂ ತಪ್ಪು ಅಂತಾದ್ರೆ ಫೋನ್ ಮಾಡ್ಬೇಕಾದೋರು ಯಾರು ಅಳಿಯಂದ್ರೆ?

ಅಳಿಯ: ಯಾರೂ ಮಾಡೋದು ಬೇಡ ಅಂತ ನನ್ನ ಅಭಿಪ್ರಾಯ.

ಅತ್ತೆ: ಮೊದಲ ಸಲ ನಿಮ್ಮ ಅಭಿಪ್ರಾಯ ಸರಿಯಾಗಿದೆ.

ಹೊಸ ಬೆಸುಗೆ ಹಾಕಲು ಹತ್ತು ನಿಮಿಷ ಹಿಡಿಯಿತು. ಅತ್ತೆಯ ಕೈ ಕಾವಿಗೆ ಹಿಡಿದಿದ್ದ ಕಾಫಿಯಿಂದ ಬೆಚ್ಚಗಿತ್ತು. ಅಳಿಯ ಕಂಪ್ಯೂಟರ್ ಬಿಟ್ಟು ಬಂದು, ಅವರಿಗೆ ತಂತಿ ಹಿಡಿದುಕೊಟ್ಟ. ಕೇಬಲ್ಲುಗಳು ತಮ್ಮ ತಮ್ಮ ತೂತಿಗೆ ಮರಳಿದವು. ನೂರಹತ್ತು ಎರಡರಲ್ಲಿ ಕೂತರೆ ಎರಡು ಮಾತ್ರ ಎದ್ದಿತು, ಮೂರು ಮಲಗಿಯೇ ಇತ್ತು. ಆಮೇಲೆ ಅವರು ಸರಳು ಹಿಡಿದುಕೊಂಡೇ ಮೂರನೇ ಕುರ್ಚಿಯ ಮೇಲೆ ಅರ್ಧ ಭಾರ ಬಿಟ್ಟರು. ಮೂರನೇ ಗೆರೆ ಹತ್ತು ದಾಟಿತು, ಹದಿನೈದು ದಾಟಿತು, ಇಪ್ಪತ್ತಕ್ಕೆ ಪರದೆಯ ತುದಿ ಮುಟ್ಟಿ ಅಲ್ಲಿಂದ ಹೊರಗೆ ಹೋಗಿಬಿಟ್ಟಿತು.

ನೂರಹತ್ತು: ಈಗ ಏನಂತೆ?

ಅತ್ತೆ: ಏಳು. ನಿಧಾನವಾಗಿ ಏಳು.

ಎರಡೂವರೆಗೆ ಮ್ಯಾನೇಜರ್ರು ಹೊಸ ಶರಟು ಹಾಕಿಕೊಂಡು ಬಂದರು. ಅಳಿಯ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ, ತನ್ನ ಊಟದ ವಿಷಯ ಸೇರಿಸಿ. ಅತ್ತೆ ಮಂಕು ಬೆಸುಗೆಯ ತುಂಡನ್ನು ಮೇಜಿನ ಮೇಲೆ ಇಟ್ಟು ತೋರಿಸಿದರು. ಮ್ಯಾನೇಜರ್ರು ಗೆರೆಯನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಗಡಿಯಾರವನ್ನು ನೋಡಿದರು.

ಮ್ಯಾನೇಜರ್: ನಿನ್ನೆವರೆಗೂ ಪಾಸಾಗಿತ್ತಲ್ರೀ ಇದು.

ಅಳಿಯ: ನಿನ್ನೆವರೆಗೂ ಇದನ್ನ ಯಾರೂ ಕೇಳೇ ಇರ್ಲಿಲ್ಲ ಸರ್. ಎರಡನೇ ಕುರ್ಚಿ ಪಾಸಾಗಿದ್ದನ್ನ ಇದರ ಹೆಸರಲ್ಲಿ ಬರ್ಕೊಂಡಿದ್ವಿ.

ಮ್ಯಾನೇಜರ್: ಆ ಹಳೇ ವೈರ್ ಇನ್ನೂ ಇದೆಯಾ?

ಅತ್ತೆ: ಇದೆ.

ಮ್ಯಾನೇಜರ್: ಇವತ್ತೊಂದು ದಿನಕ್ಕೆ ಅದನ್ನೇ ಹಾಕ್ಬಿಡಿ. ನಾಳೆಯಿಂದ ಕಾಲು ದಪ್ಪ ಮಾಡ್ಸೋಣ.

ಅತ್ತೆ: ಹಾಕೋಣ. 'ಹರಿದ ವೈರ್, ಮ್ಯಾನೇಜರ್ರ ಆಜ್ಞೆ' ಅಂತ ಒಂದು ಚೀಟಿ ಕಟ್ತೀನಿ, ಅದರ ಮೇಲೆ ಒಂದು ಸಹಿ ಹಾಕಿ ಸಾರ್.

ಮ್ಯಾನೇಜರ್ರು ಸಹಿ ಹಾಕಲಿಲ್ಲ. ನಿಮಗೆ ಸಂಸ್ಥೆಯ ಮೇಲೆ ಅಭಿಮಾನವಿಲ್ಲ ಎಂದರು. ಮೂವತ್ತೊಂದು ವರ್ಷದ ಅಭಿಮಾನ ಇರುವುದರಿಂದಲೇ ಸಹಿ ಕೇಳುತ್ತಿದ್ದೇನೆ ಎಂದು ಅತ್ತೆ ಹೇಳಿದರು. ಅಳಿಯ ಅವರ ಪಕ್ಕದಲ್ಲಿ ಬಂದು ನಿಂತ. ಆ ಕೋಣೆಯಲ್ಲಿ ಅವರಿಬ್ಬರೂ ಒಂದೇ ಕಡೆ ನಿಂತದ್ದನ್ನು ನೂರಹತ್ತು ಆರು ವರ್ಷದಲ್ಲಿ ಮೊದಲ ಸಲ ನೋಡಿದರು. ಕೊನೆಗೆ ಮ್ಯಾನೇಜರ್ರು ತೀರ್ಪು ಕೊಟ್ಟರು. ಒಂದು, ಎರಡು, ನಾಲ್ಕನ್ನು ಮಾತ್ರ ತೋರಿಸುವುದು. ಮೂರರ ಗೆರೆ ಆರಿಸಿಬಿಡುವುದು. ಕೇಳಿದರೆ ಮಾತು ತಾವು ನೋಡಿಕೊಳ್ಳುವುದು. ಉಳಿದವರು ಬಾಯಿ ಬಿಡಕೂಡದು. ಕೇಳಿದರೆ ಇದ್ದದ್ದನ್ನು ಹೇಳುತ್ತೇವೆ ಎಂದು ಅತ್ತೆ ಅಂದದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ.

ಪರಿಶೀಲನೆಗೆ ಬಂದವರು ಅರವತ್ತರ ಹತ್ತಿರದ ಹೆಂಗಸು. ಕೈಯಲ್ಲಿ ದಪ್ಪ ನೋಟುಬುಕ್ಕು, ಎಡ ಮೊಣಕಾಲಿಗೆ ಪಟ್ಟಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಮ್ಯಾನೇಜರ್ರು ಮರದ ಜಾತಿಯಿಂದ ಹಿಡಿದು ಮೆತ್ತೆಯ ಬಣ್ಣದವರೆಗೆ ಒಂದೇ ಉಸಿರಿನಲ್ಲಿ ವಿವರಿಸಿದರು. ನೂರಹತ್ತು ಒಂದು, ಎರಡು, ನಾಲ್ಕರಲ್ಲಿ ಕೂತು ಎದ್ದರು. ಗೆರೆಗಳು ತಮ್ಮ ಮರ್ಯಾದೆಯಲ್ಲಿ ಏರಿ ಇಳಿದವು. ಆಕೆ ಎಲ್ಲವನ್ನೂ ಬರೆದುಕೊಂಡರು. ಚಿತ್ರದಲ್ಲಿ ನೋಡಿದಾಗ ತನಗೆ ಬಹಳ ಹಿಡಿಸಿದ್ದು ಮೂರನೆಯದೇ, ಅದನ್ನೂ ನೋಡೋಣ, ಎರಡು ನಿಮಿಷ ಕಾಲಿಗೆ ವಿಶ್ರಾಂತಿ ಕೊಡುತ್ತೇನೆ ಎಂದು ಹೇಳುತ್ತ, ಆ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಕೂರತೊಡಗಿದರು.

ಅತ್ತೆ ಬಾಯಿ ತೆರೆದರು. ಅಳಿಯ ಒಂದು ಹೆಜ್ಜೆ ಮುಂದಿಟ್ಟ. ಇಬ್ಬರಿಗಿಂತ ಮೊದಲು ಕೂಗಿದವರು ಮ್ಯಾನೇಜರ್ರು.

ಮ್ಯಾನೇಜರ್: ಅಯ್ಯೋ, ಅದರಲ್ಲಿ ಕೂರ್ಬೇಡಿ ತಾಯಿ!

ಪಕ್ಕದ ಶೆಡ್ಡಿನ ಗರಗಸ ನಿಂತಿತು. ಆಕೆ ಅರ್ಧ ಕೂತಲ್ಲೇ ನಿಂತರು. ಅತ್ತೆ ಅವರ ತೋಳು ಹಿಡಿದು ಎಬ್ಬಿಸಿ, ಒಂದನೇ ಕುರ್ಚಿಯಲ್ಲಿ ಕೂರಿಸಿದರು. ಮ್ಯಾನೇಜರ್ರು ತಮ್ಮ ಬಾಯಿಂದಲೇ ಬಂದ ಮಾತು ಎಲ್ಲಿ ಬಿತ್ತು ಎಂದು ಹುಡುಕುವವರಂತೆ ನೆಲ ನೋಡುತ್ತಿದ್ದರು. ಯಾಕೆ ಕೂರಬಾರದು ಎಂದು ಆಕೆ ಕೇಳಿದರು. ಮ್ಯಾನೇಜರ್ರು, ಕಾಲು ಸ್ವಲ್ಪ ಸಣ್ಣ ಆಗಿದೆ, ನಾನೇ ಬರೆದ ಚಿತ್ರ, ಎಂದರು.

ಪರಿಶೀಲನೆಯವರು: ಆ ಹಾಲ್‌ನಲ್ಲಿ ದಿನಾ ಆರುನೂರು ಜನ ಕೂರ್ತಾರೆ. ಒಬ್ಬೊಬ್ಬರು ಕೂರೋವಾಗ್ಲೂ ಹೀಗೆ ಕೂಗಿ ಹೇಳೋಕೆ ನೀವು ಅಲ್ಲೇ ಇರ್ತೀರಾ?

ಮ್ಯಾನೇಜರ್ರು ಹೊಸ ಶರಟಿನ ಗುಂಡಿ ಮುಟ್ಟಿ ನೋಡಿಕೊಂಡರು. ಆಗ ನೂರಹತ್ತು ಗಂಟಲು ಸರಿಪಡಿಸಿಕೊಂಡರು.

ನೂರಹತ್ತು: ಅವರು ಯಾಕೆ ಮೇಡಂ, ನಾನು ಹೋಗ್ತೀನಿ. ಕೂತ್ಕೊಂಡು ಕೂಗೋಕೆ ಒಂದು ಎರಡನೇ ನಂಬರ್ ಕುರ್ಚಿ ಕೊಡ್ಸಿ, ಸಾಕು.

ಆಕೆ ನಗುತ್ತ ನೋಟುಬುಕ್ಕು ತೆರೆದು, ಮೂರನೆಯದನ್ನು ಹೊಡೆದುಹಾಕಿದರು. ಅದರ ಕೆಳಗೆ 'ಎರಡನೇ ನಮೂನೆ, ಆರುನೂರು' ಎಂದು ಬರೆದರು. ನೂರಹತ್ತು ಅವರನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ, ಅದನ್ನು ಆರುನೂರ ಒಂದು ಎಂದು ತಿದ್ದಿದರು.